ಇಪ್ಪತ್ತು ಅಡಿಯ ಲೆಕ್ಕ

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿರುವ ಮನೆಯೊಂದರ ತಾರಸಿ ಸಾವಿರ ಚದರಡಿ ಎಂದಿಟ್ಟುಕೊಳ್ಳಿ. ಅಂದರೆ 93 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ 93 ಲೀಟರ್ ನೀರು. ಊರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ತಾರಸಿ ಹೀರಿದ್ದು, ಆವಿಯಾದದ್ದು, ಕೊಳೆಯ ಜತೆ ಹೊರಗೆ ಬಿಟ್ಟದ್ದು ಎಂದು ನೂರಕ್ಕೆ ಹದಿನೈದು ಕಳೆದರೂ ವರ್ಷಕ್ಕೆ 76 ಸಾವಿರ ಲೀಟರ್ ಉಳಿಯುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡಕ್ಕೂ ಹೆಚ್ಚು ಲೋಡು. ಇದನ್ನು ನೆಲಕ್ಕೆ ಇಳಿಸುವ ಇಪ್ಪತ್ತಡಿಯ ಇಂಗುಬಾವಿಯ ಲೆಕ್ಕ ಇಲ್ಲಿದೆ.

ಈ ನೀರಿನ ಬಹುಪಾಲು ಮೋರಿಗೆ ಹೋಗುತ್ತದೆ, ಮೋರಿಯಿಂದ ರಾಜಕಾಲುವೆಗೆ, ಜೋರು ಮಳೆಯ ದಿನ ತಗ್ಗಿನ ಬಡಾವಣೆಯವರ ನಡುಮನೆಗೆ. ಅದೇ ಮನೆಯ ನಲ್ಲಿಗೆ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಏರಿ ಬಂದದ್ದು. ಸಾವಿರ ಲೀಟರನ್ನು 500 ಮೀಟರ್ ಎತ್ತಲು ಬರೀ ಲೆಕ್ಕದ ಪ್ರಕಾರ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರು, ಕೊಳವೆಯೊಳಗಿನ ಘರ್ಷಣೆ ತಿನ್ನುವುದನ್ನು ಸೇರಿಸಿದರೆ ಎರಡು ಯೂನಿಟ್ಟಿಗೆ ಹತ್ತಿರ. ತಾರಸಿಯಿಂದ ಹರಿದುಹೋದ 76 ಸಾವಿರ ಲೀಟರಿಗೆ ಬದಲಾಗಿ ಅಷ್ಟೇ ಕಾವೇರಿ ನೀರು ತರಿಸಿದರೆ ನೂರೈವತ್ತು ಯೂನಿಟ್ ಖರ್ಚು. ಈ ಖರ್ಚು ಮನೆಯ ಕರೆಂಟ್ ಬಿಲ್ಲಿನಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರ ತಲೆಯನ್ನೂ ತಿನ್ನುವುದಿಲ್ಲ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದು ಮಳೆಕೊಯ್ಲು ಕಡ್ಡಾಯವಾಯಿತು. ಅದರ ಬೆನ್ನಲ್ಲೇ ಗೇಟಿನ ಪಕ್ಕ ಜಲ್ಲಿ ತುಂಬಿದ ಗುಂಡಿಗಳು ಎದ್ದವು. ನಾಲ್ಕಡಿ ಅಗಲ, ನಾಲ್ಕಡಿ ಉದ್ದ, ಆರಡಿ ಆಳ, ಒಳಗೆ ಮೇಲಿನ ತನಕ ಜಲ್ಲಿ, ಅದರ ಮೇಲೆ ಅಲಂಕಾರಕ್ಕೆ ಬಿಳಿ ಉರುಟುಕಲ್ಲು. ಫೋಟೊ ತೆಗೆದಾಯಿತು, ಕಾಗದಕ್ಕೆ ಸೀಲು ಬಿತ್ತು. ಈ ಗುಂಡಿಯ ಖಾಲಿ ಗಾತ್ರ 2,700 ಲೀಟರ್. ಜಲ್ಲಿ ತುಂಬಿದ ಮೇಲೆ ಕಲ್ಲುಗಳ ಸಂದಿಯಲ್ಲಿ ಉಳಿಯುವ ಜಾಗ ನೂರಕ್ಕೆ ನಲವತ್ತು, ಅಂದರೆ 1,100 ಲೀಟರಿಗೂ ಕಡಿಮೆ. ದುಡ್ಡು ಕೊಟ್ಟು ಮಣ್ಣು ತೆಗೆಸಿ, ಮತ್ತೆ ದುಡ್ಡು ಕೊಟ್ಟು ಆ ಜಾಗಕ್ಕೆ ಕಲ್ಲು ತುಂಬಿಸಿದ ಹಾಗೆ. ಎರಡು ಮಳೆಗಾಲದ ಹೂಳು ಆ ಸಂದಿಗಳಲ್ಲಿ ಕೂತರೆ ಕತೆ ಮುಗಿಯಿತು. ಜಲ್ಲಿಯನ್ನು ಹೊರಗೆ ತೆಗೆದು ತೊಳೆದು ಮತ್ತೆ ತುಂಬುವ ಪುಣ್ಯಾತ್ಮರು ಅಪರೂಪ.

ಇಂಗುಬಾವಿ ಎನ್ನುವುದು ಬೇರೆ ವಸ್ತು. ಒಳಗೆ ಏನೂ ತುಂಬದ, ಸುತ್ತ ಸಿಮೆಂಟಿನ ಉಂಗುರ ಇಳಿಸಿದ, ತಳ ತೆರೆದ ನಿಜವಾದ ಬಾವಿ. ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಒಂದು ಬಾವಿಯಲ್ಲಿ 4,000 ಲೀಟರ್ ನಿಲ್ಲುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ ಒಂದೇ ಏಟಿಗೆ 50 ಮಿ.ಮೀ. ಸುರಿದರೆ ಬರುವುದು 4,650 ಲೀಟರ್. ಮಳೆ ಸುರಿಯುತ್ತಿರುವಾಗಲೇ ಒಂದಷ್ಟು ಇಂಗುವುದರಿಂದ ಇಂಥ ದೊಡ್ಡ ಮಳೆಯ ಬಹುಭಾಗವನ್ನೂ ಬಾವಿ ನುಂಗುತ್ತದೆ. ಬಡಾವಣೆಯ ಪಾರ್ಕು, ಮೈದಾನದಂಥ ಕಡೆ ಐದಡಿ ವ್ಯಾಸದ್ದು ತೋಡಿಸಿದರೆ ಅದೇ ಆಳಕ್ಕೆ 11 ಸಾವಿರ ಲೀಟರ್. ವ್ಯಾಸ ಎರಡಡಿ ಹೆಚ್ಚಿದ್ದಕ್ಕೆ ಗಾತ್ರ ಮೂರು ಪಟ್ಟಿನ ಹತ್ತಿರ ಹೋಗುತ್ತದೆ ಎಂಬುದನ್ನು ಸಂಘದ ಮೀಟಿಂಗಿನಲ್ಲಿ ಒಮ್ಮೆ ಬಿಡಿಸಿ ಹೇಳಬೇಕಾಗುತ್ತದೆ.

ಆಳದ ಪ್ರಶ್ನೆಗೆ ಉತ್ತರ ನೆಲದಲ್ಲಿದೆ. ಬೆಂಗಳೂರು ಕೂತಿರುವುದು ಲಾಲ್‌ಬಾಗಿನಲ್ಲಿ ತಲೆ ಎತ್ತಿ ಕಾಣುವ ಅದೇ ಪುರಾತನ ನೈಸ್ (gneiss) ಎಂಬ ಬಂಡೆಯ ಮೇಲೆ. ಬಹುಪಾಲು ಕಡೆ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಸವೆದು ಪುಡಿಯಾದ ಕಲ್ಲಿನ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಮೇಲ್ಮಣ್ಣಿನಲ್ಲಿ ಜೇಡಿ ಜಾಸ್ತಿ ಇದ್ದರೆ ನೀರು ಸುಲಭವಾಗಿ ಇಳಿಯುವುದಿಲ್ಲ. ಸವೆದ ಕಲ್ಲಿನ ಮೊರಂ ಪದರ ಸಿಕ್ಕಮೇಲೆ ಬಾವಿ ಕುಡಿಯಲು ಶುರುಮಾಡುತ್ತದೆ. ಹತ್ತಡಿಗೇ ನಿಲ್ಲಿಸಿದ ಎಷ್ಟೋ ಬಾವಿಗಳು ಈ ಪದರವನ್ನೇ ಮುಟ್ಟಿರುವುದಿಲ್ಲ. ಹಾಗಾಗಿ ಇಪ್ಪತ್ತು ಎಂಬುದು ಶಾಸ್ತ್ರದ ಸಂಖ್ಯೆಯಲ್ಲ, ಜೇಡಿ ದಾಟಿತೇ ಎಂಬುದು ಮುಖ್ಯ. ಒಂದು ಕಡೆ ಹದಿನೈದಕ್ಕೆ ದಾಟುತ್ತದೆ, ಇನ್ನೊಂದು ಕಡೆ ಮೂವತ್ತು ಬೇಕಾಗುತ್ತದೆ. ಕೆರೆಯಂಗಳದಲ್ಲಿ ಎದ್ದ ಬಡಾವಣೆಯಾದರೆ ಆರೇಳು ಅಡಿಗೇ ನೀರು ಬರಬಹುದು. ಅಲ್ಲಿ ಇಂಗಿಸುವ ಮಾತೇ ಬೇಡ. ತುಂಬಿದ ಹೊಟ್ಟೆಗೆ ಮತ್ತೆ ತುತ್ತು ಇಟ್ಟಂತೆ. ಅಂಥ ಕಡೆ ಸಂಪು ದೊಡ್ಡದು ಮಾಡಿ ಮಳೆನೀರು ಹಿಡಿದಿಟ್ಟುಕೊಳ್ಳುವುದೇ ಸರಿ.

ಈ ನೆಲವನ್ನು ಓದಬಲ್ಲವರು ಭೋವಿ ಸಮುದಾಯದ ಮಣ್ಣು ವಡ್ಡರು. ತಲೆಮಾರುಗಳಿಂದ ಬಾವಿ ತೋಡಿದವರು, ಕೆರೆಯ ಏರಿ ಕಟ್ಟಿದವರು. ಸರ್ಜಾಪುರದ ಕಡೆಯ ಭೋವಿಪಾಳ್ಯದಂಥ ಊರುಗಳಿಂದ ಇಂದಿಗೂ ಕೆಲಸಕ್ಕೆ ಬರುತ್ತಾರೆ. ಕೊಳವೆಬಾವಿ ಕೊರೆಯುವ ಲಾರಿ ಬಂದಮೇಲೆ ಇವರ ಕೆಲಸ ಕಟ್ಟಡದ ಪಾಯ ತೆಗೆಯುವುದಕ್ಕೆ, ಕೇಬಲ್ಲಿನ ಕಾಲುವೆ ತೋಡುವುದಕ್ಕೆ ಇಳಿದಿತ್ತು. ಇಂಗುಬಾವಿ ಆ ಕೈಗಳಿಗೆ ಹಳೆಯ ಕಸುಬನ್ನು ವಾಪಸು ಕೊಟ್ಟಿತು. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿ ಮರೆತೇಹೋಗಿದ್ದ ಹಳೆಯ ಬಾವಿಗಳನ್ನು ಮತ್ತೆ ತೆರೆದವರೂ ಇವರೇ. ಜಲತಜ್ಞ ಎಸ್. ವಿಶ್ವನಾಥ್ ಮತ್ತು ಅವರ ಬಯೋಮ್ ಸಂಸ್ಥೆಯವರು ನಗರಕ್ಕೆ ಹತ್ತು ಲಕ್ಷ ಇಂಗುಬಾವಿ ಬೇಕು ಎಂದು ಹೇಳುತ್ತ ಬಂದಿರುವುದರಲ್ಲಿ ನೀರಿನ ಲೆಕ್ಕ ಎಷ್ಟಿದೆಯೋ ಕೂಲಿಯ ಲೆಕ್ಕವೂ ಅಷ್ಟೇ ಇದೆ. ಹಸಿರು ಉದ್ಯೋಗ ಎಂದರೆ ಸೋಲಾರ್ ಫಲಕ, ಬ್ಯಾಟರಿ ಎಂದೇ ನೆನಪಾಗುತ್ತದೆ. ಹಾರೆ, ಪಿಕಾಸಿ, ಹಗ್ಗ, ಬಾಂಡಲಿ ಹಿಡಿದ ನಾಲ್ಕು ಜನರೂ ಅದೇ ಪಟ್ಟಿಯವರು.

ಮೂರಡಿಯ ಉಂಗುರಕ್ಕೆ ನಾಲ್ಕಡಿ ವ್ಯಾಸದ ಗುಂಡಿ ತೆಗೆಯಬೇಕು. ಉಂಗುರದ ಗೋಡೆ ಎರಡು ಇಂಚು ದಪ್ಪ, ಹೊರಗಿನ ಅಳತೆ ಮೂರಡಿ ನಾಲ್ಕಿಂಚು, ಸುತ್ತಲೂ ಜಲ್ಲಿ ಸುರಿಯಲು ನಾಲ್ಕಿಂಚು ಸಂದಿ ಉಳಿಯುತ್ತದೆ. ಒಬ್ಬರು ಒಳಗೆ, ಇಬ್ಬರು ಮೇಲೆ ಹಗ್ಗಕ್ಕೆ, ಒಬ್ಬರು ಮಣ್ಣು ಸಾಗಿಸಲು. ಸಾಧಾರಣ ನೆಲದಲ್ಲಿ ಇಪ್ಪತ್ತಡಿಗೆ ಎರಡು-ಮೂರು ದಿನ. ಮಣ್ಣಿನ ವಿಷಯವನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಜಗಳ ಖಚಿತ. ಗುಂಡಿಯಿಂದ 250 ಘನ ಅಡಿ ಮಣ್ಣು ಬರುತ್ತದೆ, ಅಗೆದ ಮಣ್ಣು ಉಬ್ಬಿ ಮುನ್ನೂರು ದಾಟುತ್ತದೆ, ಅಂದರೆ ಟ್ರ್ಯಾಕ್ಟರಿನಲ್ಲಿ ಮೂರು ಲೋಡು. ಅದು ರಸ್ತೆಯಲ್ಲಿ ಬಿದ್ದಿದ್ದರೆ ಒಂದೇ ಮಳೆಗೆ ಪೂರ್ತಿ ಮೋರಿಗೆ, ಇಲ್ಲವೇ ಹೊಸ ಬಾವಿಯ ಒಳಗೇ ಇಳಿಯುತ್ತದೆ. ಅಡಿ ಲೆಕ್ಕದಲ್ಲಿ ದರ ಹೇಳಿದಾಗ ಉಂಗುರ, ಮುಚ್ಚಳ, ಮಣ್ಣು ಸಾಗಣೆ ಎಲ್ಲ ಸೇರಿದೆಯೇ ಎಂದು ಕೇಳಿಕೊಳ್ಳಿ. ಬಂಡೆ ಸಿಕ್ಕರೆ ದರ ಏನು ಎಂಬುದನ್ನೂ.

ಕಾಲ ಬೇಸಿಗೆಯದೇ ಆಗಬೇಕು. ಜನವರಿಯಿಂದ ಏಪ್ರಿಲ್ ತನಕ ನೆಲ ಒಣಗಿ ಗಟ್ಟಿಯಾಗಿ ಗೋಡೆ ನಿಲ್ಲುತ್ತದೆ. ಮಣ್ಣು ತುಂಬಿ ಎತ್ತರಿಸಿದ ಸೈಟುಗಳಲ್ಲಿ, ಮರಳು ಮಿಶ್ರಿತ ಸಡಿಲ ನೆಲದಲ್ಲಿ ಇಪ್ಪತ್ತಡಿ ಪೂರ್ತಿ ತೆಗೆದು ಆಮೇಲೆ ಉಂಗುರ ಇಳಿಸುವ ಸಾಹಸ ಬೇಡ. ಅಲ್ಲಿ ಮೊದಲ ಉಂಗುರವನ್ನು ಮೇಲೆಯೇ ಇಟ್ಟು, ಅದರೊಳಗೆ ಕೂತು ಅಡಿಯ ಮಣ್ಣು ತೆಗೆಯುತ್ತ ಹೋದರೆ ಉಂಗುರ ತಾನಾಗಿ ಕೆಳಗಿಳಿಯುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಈ ರೀತಿಯಲ್ಲಿ ಹೊರಗಿನ ಸಂದಿ ಸಿಗದು, ಆದರೆ ಒಳಗಿರುವವರ ಜೀವಕ್ಕಿಂತ ಸಂದಿ ದೊಡ್ಡದಲ್ಲ. ಪಾಯದಿಂದ ಕನಿಷ್ಠ ಐದಡಿ ದೂರ ಇರಲಿ, ಜಾಗವಿದ್ದರೆ ಹತ್ತು. ಪಕ್ಕದಲ್ಲಿ ನೆಲಮಾಳಿಗೆ ಇರುವ ಕಟ್ಟಡವಿದ್ದರೆ ಎಂಜಿನಿಯರ್ ಬಂದು ನೋಡದೆ ಹಾರೆ ಎತ್ತಬಾರದು.

ಉಂಗುರ ಜೋಡಿಸುವಾಗ ಆಗುವ ಒಂದು ತಪ್ಪು ಇಡೀ ಬಾವಿಯನ್ನು ಕೆಡಿಸುತ್ತದೆ, ಮತ್ತು ಅದು ಆಗುವುದು ಮೇಸ್ತ್ರಿಯ ಅಚ್ಚುಕಟ್ಟುತನದಿಂದ. ಉಂಗುರ ಒಂದೊಂದೂ ನೂರು ಕಿಲೋ ಮೀರಿದ್ದು, ಒಂದರ ಮೇಲೊಂದು ತನ್ನ ತೂಕಕ್ಕೇ ಕೂರುತ್ತದೆ. ನಡುವಿನ ಸಂದಿಗೆ ಸಿಮೆಂಟು ಬಳಿಯಬಾರದು. ಮೂರಡಿ ಬಾವಿಯ ತಳದ ವಿಸ್ತೀರ್ಣ ಬರೀ ಏಳು ಚದರಡಿ, ಸುತ್ತಲಿನ ಗೋಡೆ 188 ಚದರಡಿ. ಸಂದಿಗಳು ತೆರೆದಿದ್ದು ಹೊರಗೆ 20 ಮಿ.ಮೀ. ಜಲ್ಲಿ ಸುರಿದಿದ್ದರೆ ನೀರು ಪಕ್ಕಕ್ಕೂ ಹರಡಿ ಇಳಿಯುತ್ತದೆ. ನೀಟಾಗಿರಲಿ ಎಂದು ಒಳಗಿಂದ ಪ್ಲಾಸ್ಟರ್ ಮಾಡಿಸಿದ ಬಾವಿ ನೋಡಲು ಚೆಂದ, ಕೆಲಸದಲ್ಲಿ ಅದು ತಳ ಒಡೆದ ಸಂಪು. ಮೇಲಿನ ಮೂರು-ನಾಲ್ಕು ಉಂಗುರಗಳಿಗೆ ಮಾತ್ರ ಸಿಮೆಂಟು ಬೇಕು. ಅಂಗಳದ ಕೊಚ್ಚೆ, ಸಡಿಲ ಮಣ್ಣು ಅಲ್ಲಿಂದ ನುಸುಳದಿರಲಿ ಎಂಬ ಕಾರಣಕ್ಕೆ.

ಇನ್ನು ಪೈಪು. ತಾರಸಿಯ ನೀರು ನಾಲ್ಕಿಂಚು ಪಿವಿಸಿ ಪೈಪಿನಲ್ಲಿ ಇಳಿದು ಮೊದಲು ಸಂಪಿಗೆ ಹೋಗಬೇಕು. ಅದು ತುಂಬಿ ಉಕ್ಕಿದ್ದು ಬಾವಿಗೆ. ಕೈಗೆ ಸಿಕ್ಕ ನೀರನ್ನು ಬಳಸದೆ ನೆಲಕ್ಕೆ ಕೊಟ್ಟು, ಮತ್ತೆ ಮೋಟರು ಹಾಕಿ ಎತ್ತುವುದರಲ್ಲಿ ಜಾಣತನವಿಲ್ಲ. ಸಂಪಿಗೆ ಬಿಡುವುದಾದರೆ ಶೋಧಕ ಬೇಕು, ಮೊದಲ ಮಳೆಯ ಕೊಳೆ ಹೊರಗೆ ಹೋಗಬೇಕು. ಇದಕ್ಕೆಂದು ಪ್ಲಂಬರ್‌ಗಳು ಪೈಪಿನ ಕೊನೆಗೆ ಒಂದೂವರೆ ಮೀಟರಿನ ತುಂಡೊಂದನ್ನು ನೇತುಹಾಕಿ ತುದಿಗೆ ಮುಚ್ಚಳ ಹಾಕುತ್ತಾರೆ. ಮೊದಲ ನೀರು ಅದರಲ್ಲಿ ನಿಲ್ಲುತ್ತದೆ, ಆಮೇಲಿನದು ಸಂಪಿಗೆ ಎಂಬ ವಿವರಣೆ. ನಾಲ್ಕಿಂಚು ಪೈಪಿನಲ್ಲಿ ಮೀಟರಿಗೆ ಎಂಟೂವರೆ ಲೀಟರ್ ಹಿಡಿಯುತ್ತದೆ, ಒಂದೂವರೆ ಮೀಟರಿಗೆ ಹದಿಮೂರು. ನಮ್ಮ ತಾರಸಿಯ ಮೇಲೆ ಒಂದು ಮಿ.ಮೀ. ಮಳೆಯೇ 93 ಲೀಟರ್. ಎರಡು ತಿಂಗಳ ಧೂಳು, ಪಾರಿವಾಳದ ಹಿಕ್ಕೆ ಹದಿಮೂರು ಲೀಟರಿನಲ್ಲಿ ತೊಳೆದುಹೋಗುವುದಿಲ್ಲ. ನೂರರಿಂದ ಇನ್ನೂರು ಲೀಟರ್ ಹೊರಗೆ ಬಿಡುವ ವ್ಯವಸ್ಥೆ ಬೇಕು. ಡ್ರಮ್ಮೊಂದು ಸಾಕು, ಆ ನೀರನ್ನು ಗಿಡಕ್ಕೆ ಹಾಕಬಹುದು. ತುಂಬಿದ ಡ್ರಮ್ಮನ್ನು ಮುಂದಿನ ಮಳೆಗೆ ಮೊದಲು ಖಾಲಿ ಮಾಡಲು ಮರೆತರೆ ಮಾತ್ರ ಎಲ್ಲ ವ್ಯರ್ಥ. ತಳದಲ್ಲಿ ನಲ್ಲಿ ಇಟ್ಟು ಸಣ್ಣಗೆ ತೊಟ್ಟಿಕ್ಕುವಂತೆ ಬಿಟ್ಟರೆ ಮರೆವಿಗೆ ಮದ್ದು.

ಶೋಧಕಕ್ಕೆ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಬಲೆ, ಬಲೆಯ ಮೇಲೆ ಮರಳು ಎಂಬ ಪಾಠ ಎಲ್ಲ ಕಡೆ ಸಿಗುತ್ತದೆ. ತಪ್ಪಲ್ಲ. ಆದರೆ ಮರಳು ನಿಧಾನ, ಜೋರು ಮಳೆಯಲ್ಲಿ ಡ್ರಮ್ಮು ಉಕ್ಕಿ ಒಳ್ಳೆಯ ನೀರೆಲ್ಲ ಅಂಗಳಕ್ಕೆ. ಎಂ-ಸ್ಯಾಂಡಿನ ಪುಡಿ ಹಾಕಿದವರದು ಇನ್ನೂ ಕಷ್ಟ, ಅದು ಗಾರೆಯಂತೆ ಗಟ್ಟಿ ಕೂರುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್-ಅಪ್ ಶೋಧಕದಲ್ಲಿ ಈ ತೊಂದರೆಗೆ ಉತ್ತರವಿದೆ. ಒಳಭಾಗ ಕಟ್ಟಿಕೊಂಡರೆ ನೀರಿನ ಒತ್ತಡಕ್ಕೆ ಅದು ಮೇಲೆದ್ದು ನೀರನ್ನು ಹೊರಬಿಡುತ್ತದೆ. ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ, ಶುಚಿ ಮಾಡುವ ಹೊತ್ತು ಬಂತು ಎಂಬುದೂ ಗೊತ್ತಾಗುತ್ತದೆ. ವಿಜಯನಗರದ ಅವರ ಮನೆ ದಶಕಗಳಿಂದ ಮಳೆನೀರಿನ ಮೇಲೆಯೇ ನಡೆದು ಬಂದಿದೆ.

ಬಾವಿಗೆ ಮಾತ್ರ ಹೋಗುವ ನೀರಿಗೆ ಇಷ್ಟು ಮಡಿ ಬೇಕಿಲ್ಲ. ಎರಡಡಿ ಉದ್ದ-ಅಗಲ-ಆಳದ ಚೇಂಬರೊಂದು ಬಾವಿಯ ಮುಂದೆ ಇದ್ದು, ನೀರು ಅಲ್ಲಿ ಒಂದು ಗಳಿಗೆ ನಿಂತು ಹೂಳು ಇಳಿಸಿ ಮುಂದೆ ಹೋದರೆ ಸಾಕು. ಒಳಹರಿವಿನ ಪೈಪು, ಹೊರಹರಿವಿನ ಪೈಪು ಒಂದೇ ಎತ್ತರದಲ್ಲಿ, ಚೇಂಬರಿನ ತಳದಿಂದ ಅಡಿಯಾದರೂ ಮೇಲಿರಬೇಕು. ತಳಕ್ಕೇ ಪೈಪು ಜೋಡಿಸಿದರೆ ಹೂಳು ನೇರ ಬಾವಿಗೆ. ಬಾವಿ ಉಕ್ಕಿದಾಗಿನ ದಾರಿಯನ್ನು ಮಳೆನೀರಿನ ಮೋರಿಗೆ ಕೊಡಬೇಕೇ ಹೊರತು ಒಳಚರಂಡಿಯ ಚೇಂಬರಿಗಲ್ಲ. ಮಳೆ ಬಂದ ರಾತ್ರಿ ಬೀದಿಯ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಮನೆ ಮನೆಯ ಇಂಥ ಕಳ್ಳ ಜೋಡಣೆಗಳೇ ದೊಡ್ಡ ಕಾರಣ.

ಅದರ ತಿರುಗುಮುರುಗು ಇನ್ನೂ ಅಪಾಯ. ವಾಷಿಂಗ್ ಮಷೀನಿನ ನೀರು, ಕಾರು ತೊಳೆದ ನೀರು, ಪಾತ್ರೆ ನೀರು ಯಾವುದೂ ಇಂಗುಬಾವಿಗೆ ಸೇರಬಾರದು. ನೆಲ ಎಲ್ಲವನ್ನೂ ಸೋಸುತ್ತದೆ ಎಂಬ ನಂಬಿಕೆ ಅರ್ಧ ಸುಳ್ಳು. ಮೇಲ್ಮಣ್ಣಿನ ಜೀವಿಗಳು ಮಾಡುವ ಕೆಲಸ ಇಪ್ಪತ್ತಡಿ ಕೆಳಗೆ ನಡೆಯುವುದಿಲ್ಲ, ಬಾವಿ ಆ ಪದರವನ್ನು ದಾಟಿಯೇ ನೀರು ಬಿಡುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಒಳಚರಂಡಿಯ ಪೈಪಿನಿಂದ ಮೂವತ್ತಡಿ ದೂರ ಹುಡುಕುವುದು ಆಗದ ಮಾತು. ಹಾಗಾಗಿ ತೋಡುವ ಮೊದಲು ಹಳೆಯ ಕಲ್ಲಿನ ಪೈಪುಗಳನ್ನು ಬದಲಾಯಿಸಿ, ಚೇಂಬರುಗಳ ಸೋರಿಕೆ ನಿಲ್ಲಿಸಿ. ತಾರಸಿಯ ಪೈಪನ್ನು ಬೋರಿನ ಕೇಸಿಂಗ್ ಪೈಪಿನೊಳಗೆ ನೇರ ಇಳಿಸುವ ‘ಸುಲಭದ ದಾರಿ’ಯನ್ನು ಹೇಳಿಕೊಡುವವರು ಇದ್ದಾರೆ. ಆ ದಾರಿಯಲ್ಲಿ ಕೊಳೆ ನೂರಾರು ಅಡಿ ಕೆಳಗಿನ ಬಿರುಕಿಗೆ ಯಾವ ತಡೆಯೂ ಇಲ್ಲದೆ ಹೋಗುತ್ತದೆ, ಅಲ್ಲಿಂದ ಅದನ್ನು ಹೊರತೆಗೆಯುವ ಉಪಾಯ ಇಲ್ಲ.

ಬಾವಿ ತೋಡಿಸಿದವರ ಮೊದಲ ಫಿರ್ಯಾದು ಒಂದೇ: ನಮ್ಮ ಬೋರಿನಲ್ಲಿ ನೀರು ಏರಲಿಲ್ಲ. ಏರುವುದಿಲ್ಲ, ಅದೂ ಮುಂದಿನ ತಿಂಗಳೇ. ಇಪ್ಪತ್ತಡಿಯ ಬಾವಿ ತುಂಬುವುದು ಮೇಲಿನ ಪದರವನ್ನು. ಸಾವಿರ ಅಡಿಯ ಬೋರು ಆ ಪದರಕ್ಕೆ ಕೇಸಿಂಗ್ ಹಾಕಿ ಮುಚ್ಚಿ, ಬಂಡೆಯ ಬಿರುಕಿನಿಂದ ಹೀರುತ್ತದೆ. ಎರಡರ ನಡುವೆ ನೀರು ಇಳಿಯಲು ವರ್ಷಗಳು ಹಿಡಿಯಬಹುದು, ಇಳಿದದ್ದು ಪಕ್ಕದ ರಸ್ತೆಯವರ ಬೋರಿಗೆ ಸೇರಬಹುದು. ಮಳೆಕೊಯ್ಲಿನ ಪ್ರಚಾರ ಈ ಮಾತನ್ನು ಮೊದಲೇ ಹೇಳಿದ್ದರೆ ಜನರಿಗೆ ಭ್ರಮನಿರಸನ ಆಗುತ್ತಿರಲಿಲ್ಲ. ಇಂಗುಬಾವಿ ನಮ್ಮ ಕಾಂಪೌಂಡಿನೊಳಗಿದ್ದರೂ ನಮ್ಮದಲ್ಲ. ಹಾಕಿದ ದುಡ್ಡು ಒಬ್ಬರದು, ನೀರು ನೆಲದಡಿಯಲ್ಲಿ ಊರಿನದು. ಬೋರಿನ ಬದಲು ಅದೇ ಮೇಲಿನ ಪದರದಿಂದ ನೀರು ಸೇದುವ ತೆರೆದ ಬಾವಿಯೊಂದನ್ನು ಬಡಾವಣೆಯಲ್ಲಿ ಇಟ್ಟುಕೊಂಡರೆ, ಇಂಗಿಸಿದ್ದು ಕಣ್ಣಿಗೆ ಕಾಣುತ್ತದೆ, ಗಿಡಗಳಿಗೆ, ತೊಳೆಯುವುದಕ್ಕೆ ಸಣ್ಣ ಮೋಟರಿನಲ್ಲೇ ಸಿಗುತ್ತದೆ.

ಇಂಥದ್ದು ಒಬ್ಬರಿಂದ ಆಗುವುದಲ್ಲ. ಮೂವತ್ತು ಮನೆಯ ಬೀದಿ ಪೂರ್ತಿ ಸೇರಿದರೆ ವರ್ಷಕ್ಕೆ 23 ಲಕ್ಷ ಲೀಟರ್, ಅದು ನೆಲಕ್ಕೆ ಗೊತ್ತಾಗುವ ಪ್ರಮಾಣ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯವರು ಕಾವೇರಿ ಬಾರದ ಜಾಗದಲ್ಲಿ ಮಾಡಿದ್ದು ಇದನ್ನೇ. ಮನೆಗೊಂದು ಸ್ವಂತ ಬೋರಿನ ಆಸೆ ಬಿಟ್ಟು, ನೀರು ಎಲ್ಲರದು ಎಂದು ಒಪ್ಪಿಕೊಂಡು, ಹೆಚ್ಚು ಬಳಸಿದವರಿಗೆ ಏರುವ ದರ ಗೊತ್ತುಮಾಡಿ, ಮನೆಗಳಲ್ಲೂ ರಸ್ತೆ ಬದಿಯಲ್ಲೂ ಇಂಗುಬಾವಿ ತೋಡಿಸಿದರು. ಇದರಲ್ಲಿ ಕಷ್ಟದ ಭಾಗ ತೋಡುವುದಲ್ಲ, ದರಕ್ಕೆ ಒಪ್ಪಿಸುವುದು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿದಾಗ ಇಂಥ ದರದ ಮಾತು ಎಲ್ಲ ಸಂಘಗಳಲ್ಲೂ ಸುಲಭವಾಗಿ ಬಂದಿರಬೇಕು. ಮಳೆ ಬಂದ ಮೇಲೆ ಎಷ್ಟು ಕಡೆ ಉಳಿಯಿತೋ, ಆ ಬಗ್ಗೆ ನಮಗೆ ದೊಡ್ಡ ಆಸೆಯಿಲ್ಲ.

ವರ್ಷದ ಕೆಲಸ ಏಪ್ರಿಲ್‌ನಲ್ಲಿ. ಮೇ ತಿಂಗಳ ಗುಡುಗು ಮಳೆಗೆ ಮೊದಲು ತಾರಸಿ ಗುಡಿಸಿ, ಚೇಂಬರಿನ ಹೂಳು ಎತ್ತಿ. ಎರಡು ವರ್ಷಕ್ಕೊಮ್ಮೆ ಬಾವಿಯ ತಳದ ಹೂಳು ತೆಗೆಸಬೇಕು. ಮೂರು ಇಂಚು ನಯವಾದ ಹೂಳು ಸಾಕು, ತಳ ಮಡಕೆಯಂತೆ ನೀರು ಹಿಡಿದುಕೊಳ್ಳುತ್ತದೆ. ಮಳೆ ನಿಂತು ಎರಡು ದಿನವಾದರೂ ನೀರು ಇಳಿಯದಿದ್ದರೆ ಒಮ್ಮೆ ಪಂಪಿಟ್ಟು ಖಾಲಿ ಮಾಡಿ ನೋಡಿ. ಪಕ್ಕಗಳಿಂದ ತಿಳಿನೀರು ಮತ್ತೆ ಜಿನುಗಿದರೆ ಅಂತರ್ಜಲವೇ ಅಲ್ಲಿಗೆ ಏರಿದೆ, ಇಂಗುಬಾವಿ ಸೇದುವ ಬಾವಿಯಾಗಿದೆ. ಜಿನುಗದಿದ್ದರೆ ತಳ ಕಟ್ಟಿಕೊಂಡಿದೆ.

ಇಳಿಯುವ ಮುನ್ನ ಮುಚ್ಚಳ ತೆಗೆದು ಅರ್ಧ ದಿನವಾದರೂ ಬಿಡಬೇಕು, ಬ್ಲೋವರ್‌ನಿಂದ ಗಾಳಿ ಆಡಿಸಬೇಕು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಉಸಿರುಗಾಳಿ ಕಡಿಮೆ ಇದೆಯೇ ಎಂದಷ್ಟೇ ಹೇಳುತ್ತದೆ. ವಿಷದ ಗಾಳಿಯನ್ನು ಅದು ಹೇಳದು, ಹೊತ್ತಿಕೊಳ್ಳುವ ಗಾಳಿ ಇದ್ದರೆ ದೀಪವೇ ಅಪಾಯ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು, ತಲೆಗೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಇವನ್ನೆಲ್ಲ ಒದಗಿಸುವುದು ಮನೆಯವರ ಹೊಣೆ, ಕೂಲಿಗೆ ಬಂದವರದಲ್ಲ. ಕೊಳಚೆಯ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ಯಂತ್ರ ತರಿಸಬೇಕು. ಒಳಚರಂಡಿ, ಶೌಚಗುಂಡಿಗಳಿಗೆ ರಕ್ಷಣಾ ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ಕೊಳಚೆ ಸೇರಿದ ಬಾವಿಯೂ ಅದೇ ಸಾಲಿನದು. ಮುಚ್ಚಳ ಕಾಂಕ್ರೀಟಿನದಾಗಿದ್ದು, ಮಗು ಎತ್ತಲಾರದಷ್ಟು ತೂಕ ಇರಲಿ. ಗಾಳಿಯ ಕಿಂಡಿಗೆ ಸೊಳ್ಳೆ ಬಲೆ.

ಇಷ್ಟಾದ ಮೇಲೆ ಒಂದು ಹಗ್ಗ ಬೇಕು. ಅಡಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿದ್ದು. ತಿಂಗಳಿಗೊಮ್ಮೆ, ಬೆಳಿಗ್ಗೆ ಮೋಟರು ಹಾಕುವ ಮುಂಚೆ, ಮೇಲಿನ ಉಂಗುರದ ಅಂಚಿನಿಂದ ನೀರಿನ ತನಕ ಅಳೆದು ತಾರೀಕಿನ ಜತೆ ಬರೆದಿಡಿ. ಬೀದಿಯ ಮೂರು-ನಾಲ್ಕು ಬಾವಿಗಳಲ್ಲಿ ಒಂದೇ ದಿನ ಅಳೆದರೆ ಇನ್ನೂ ಒಳ್ಳೆಯದು. ನೀರೇ ಸಿಗದೆ ಕಲ್ಲು ಒಣತಳಕ್ಕೆ ತಾಗಿದ ತಿಂಗಳನ್ನೂ ಬಿಡದೆ ಬರೆಯಬೇಕು, ‘ಒಣ’ ಎಂದು.